ಅರವತ್ತೊಂದು ದಿನದ ರಜೆ, ಹತ್ತು ತಿಂಗಳ ಬೇಟೆ

ಮೇ 31ರ ನಡುರಾತ್ರಿಗೆ ಕರ್ನಾಟಕದ ಕಡಲಿನಲ್ಲಿ ಯಂತ್ರದ ಸದ್ದು ಅಡಗಬೇಕು. ಮಂಗಳೂರಿನ ಧಕ್ಕೆ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಹೀಗೆ ಬಂದರು ಬಂದರಿನಲ್ಲೂ ಬೋಟುಗಳು ಒಂದಕ್ಕೊಂದು ಆತು ನಿಲ್ಲುತ್ತವೆ. ಬಲೆಗಳು ದಡ ಸೇರುತ್ತವೆ, ಎಂಜಿನ್ ಬಿಚ್ಚಲು ಮೇಸ್ತ್ರಿಗಳು ಬರುತ್ತಾರೆ, ಹೊರರಾಜ್ಯದ ಕಲಾಸಿಗಳು ರೈಲು ಹತ್ತುತ್ತಾರೆ. ಜುಲೈ 31ರವರೆಗೆ ಒಟ್ಟು 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನೋತ್ಪತ್ತಿಗೆ ಅವಕಾಶ ಮಾಡಿಕೊಡುವುದು, ಮುಂಗಾರಿನ ಅಬ್ಬರದಲ್ಲಿ ಮೀನುಗಾರರ ಜೀವ ಉಳಿಸುವುದು ಇದರ ಉದ್ದೇಶ.

ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ನಿಷೇಧ ಜಾರಿಯಲ್ಲಿದ್ದೂ ಕಡಲು ಏಕೆ ಬರಿದಾಗುತ್ತಿದೆ ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕರಾವಳಿ ಕೇಳುತ್ತದೆ. ಡೀಸೆಲ್ ಖರ್ಚೂ ಹುಟ್ಟದೆ ಬೋಟುಗಳು ಅವಧಿಗೆ ಮುನ್ನವೇ ಲಂಗರು ಹಾಕುವ ದೃಶ್ಯ ಈಗ ಅಪರೂಪವಲ್ಲ. ಪತ್ರಿಕೆಗಳು ‘ಮತ್ಸ್ಯಕ್ಷಾಮ’ ಎಂದು ಬರೆಯುತ್ತವೆ, ಸಂಘಟನೆಗಳು ಪರಿಹಾರ ಕೇಳುತ್ತವೆ, ಮಂತ್ರಿಗಳು ಭರವಸೆ ಕೊಡುತ್ತಾರೆ. ಮುಂದಿನ ಆಗಸ್ಟಿನಲ್ಲಿ ಮೊದಲ ಬೋಟು ತುಂಬಿ ಬಂದರೆ ಎಲ್ಲವೂ ಮರೆತುಹೋಗುತ್ತದೆ. ಈ ಮರೆವೇ ಕರಾವಳಿಯ ಮೀನುಗಾರಿಕೆಯ ಮೂಲ ರೋಗ.

ಕಡಲಿನ ಪಂಚಾಂಗ

ಅರಬ್ಬೀ ಸಮುದ್ರಕ್ಕೆ ತನ್ನದೇ ಋತುಚಕ್ರವಿದೆ. ನೈರುತ್ಯ ಮುಂಗಾರಿನ ಗಾಳಿ ಬೀಸಲಾರಂಭಿಸಿದಾಗ ದಡದ ಮೇಲ್ಮೈ ನೀರು ಹೊರಕ್ಕೆ ಸರಿಯುತ್ತದೆ. ಆ ಜಾಗ ತುಂಬಲು ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಆ ನೀರಿನಲ್ಲಿ ತಳದ ಪೋಷಕಾಂಶಗಳು ಹೇರಳ. ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿಂದು ಪ್ರಾಣಿಪ್ಲವಕಗಳು, ಇವೆರಡನ್ನೂ ತಿಂದು ಬೂತಾಯಿ, ಬಂಗುಡೆಗಳು, ಅವುಗಳ ಬೆನ್ನು ಹತ್ತಿ ಅಂಜಲ್, ಕೇದರಗಳು. ಹೊಲಕ್ಕೆ ಮಳೆ ಹೇಗೋ ಕಡಲಿಗೆ ಈ ಮೇಲೇಳುವ ನೀರು ಹಾಗೆ. ನೆಲದ ರೈತ ಬಿತ್ತುವ ಹೊತ್ತಿಗೇ ಕಡಲೂ ಬಿತ್ತಿಕೊಳ್ಳುತ್ತದೆ.

ಯಂತ್ರದ ಬೋಟುಗಳು ದಡದಲ್ಲಿರುವ ಜೂನ್, ಜುಲೈಗಳಲ್ಲಿ ಕಡಲು ನಾಡದೋಣಿಯವರದ್ದು. 10 ಅಶ್ವಶಕ್ತಿಯವರೆಗಿನ ಹೊರಜೋಡಣೆಯ ಎಂಜಿನ್ ಇರುವ ದೋಣಿಗಳಿಗೂ, ಸಾಂಪ್ರದಾಯಿಕ ದೋಣಿಗಳಿಗೂ ಈ ಅವಧಿಯಲ್ಲಿ ರಾಜ್ಯ ಅವಕಾಶ ಕೊಟ್ಟಿದೆ. ಅವರು ಕಾಯುವುದು ‘ತೂಫಾನ್’ಗಾಗಿ. ಬಿರುಗಾಳಿ ಎದ್ದು ಕಡಲು ಒಮ್ಮೆ ಅಡಿಮೇಲಾಗಿ ಶಾಂತವಾದರೆ ಸಿಗಡಿ, ಬೂತಾಯಿಗಳು ದಡದತ್ತ ಬರುತ್ತವೆಂಬುದು ತಲೆಮಾರುಗಳ ಅನುಭವ. ತೂಫಾನ್ ಆಗದ ವರ್ಷ ನಾಡದೋಣಿಯವನ ಮನೆಯ ಒಲೆ ಮಂದವಾಗಿ ಉರಿಯುತ್ತದೆ.

ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಪೂಜೆ. ಹಾಲು, ತೆಂಗಿನಕಾಯಿ, ಹೂವು ಕಡಲಿಗೆ ಸಲ್ಲುತ್ತವೆ. ಕಾನೂನಿನ ಪ್ರಕಾರ ಆಗಸ್ಟ್ 1ಕ್ಕೆ ದಾರಿ ತೆರೆದರೂ ಗಾಳಿ ತಗ್ಗುವವರೆಗೆ ಅನೇಕ ಬೋಟುಗಳು ಕಾಯುತ್ತವೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಸುಗ್ಗಿ. ಪರ್ಸೀನ್ ಬೋಟುಗಳು ಬಂಗುಡೆ, ಬೂತಾಯಿಯ ಹಿಂಡುಗಳನ್ನು ಸುತ್ತುವರಿಯುವುದು, ಆಳಸಮುದ್ರದ ಟ್ರಾಲ್ ಬೋಟುಗಳಿಗೆ ಬೊಂಡಾಸ್, ಪಾಂಬೋಲ್, ರಾಣಿಮೀನು ಸಿಗುವುದು ಹೆಚ್ಚಾಗಿ ಆಗಲೇ. ಜನವರಿಯ ಬಳಿಕ ಬಡಗಣ ಗಾಳಿ ಬೀಸುತ್ತದೆ, ಮೀನು ಆಳಕ್ಕೂ ದೂರಕ್ಕೂ ಸರಿಯುತ್ತದೆ. ಆಗ ಬೋಟು ಗೋವಾ, ಮಹಾರಾಷ್ಟ್ರ ದಾಟಿ ಗುಜರಾತಿನ ದಿಕ್ಕಿಗೆ, ಇಲ್ಲವೇ ದಕ್ಷಿಣದಲ್ಲಿ ಕೇರಳದ ದಿಕ್ಕಿಗೆ ಓಡಬೇಕು. ಒಂದು ಸಲ ಹೊರಟರೆ ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಮಿಕ್ಕಿ ನೀರಿನ ಮೇಲೆಯೇ ವಾಸ. ದೂರ ಹೆಚ್ಚಿದಷ್ಟೂ ಡೀಸೆಲ್, ಮಂಜುಗಡ್ಡೆ, ರೇಷನ್ನಿನ ಖರ್ಚು ಹೆಚ್ಚುತ್ತದೆ. ಮೀನು ಮಾತ್ರ ಆ ಲೆಕ್ಕಕ್ಕೆ ಬಗ್ಗುವುದಿಲ್ಲ.

ಈ ಪಂಚಾಂಗವನ್ನು ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ, ಬ್ಯಾರಿ ಸಮುದಾಯಗಳ ಹಿರಿಯರು ಬಾಯಿಪಾಠವಾಗಿ ಬಲ್ಲವರು. ಬದಲಾದದ್ದು ಪಂಚಾಂಗವನ್ನು ಬಳಸುವ ರೀತಿ.

ರಂಪಣಿಯಿಂದ ಪರ್ಸೀನ್‌ವರೆಗೆ

ಎಪ್ಪತ್ತರ ದಶಕದವರೆಗೂ ಕನ್ನಡ ಕರಾವಳಿಯ ಮೀನುಗಾರಿಕೆಯೆಂದರೆ ರಂಪಣಿ. ದಡದ ಹತ್ತಿರ ಬಂದ ಮೀನಿನ ಹಿಂಡನ್ನು ಉದ್ದನೆಯ ಬಲೆಯಿಂದ ಸುತ್ತುಗಟ್ಟಿ, ಹತ್ತಾರು ಮಂದಿ ಎರಡು ತುದಿಗಳಿಂದ ಹಗ್ಗ ಹಿಡಿದು ದಡಕ್ಕೆಳೆಯುವ ಪದ್ಧತಿ ಅದು. ಬಲೆ ಒಂದು ಗುಂಪಿನ ಸೊತ್ತು, ಮೀನು ಪಾಲಿನ ಲೆಕ್ಕ. ಎಳೆಯಲು ಕೈ ಹಾಕಿದವನಿಗೂ ಒಂದಿಷ್ಟು ಸಲ್ಲುತ್ತಿತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೀನು ತಾನಾಗಿ ದಡಕ್ಕೆ ಬಂದರೆ ಮಾತ್ರ ಹಿಡಿಯಲು ಸಾಧ್ಯವಿತ್ತು. ಬಾರದ ಮೀನು ಬದುಕಿಕೊಳ್ಳುತ್ತಿತ್ತು. ಬಲೆಯ ದೌರ್ಬಲ್ಯವೇ ಕಡಲಿನ ರಕ್ಷಣೆಯಾಗಿತ್ತು.

ಟ್ರಾಲ್ ಬೋಟುಗಳು ಆ ವೇಳೆಗಾಗಲೇ ಬಂದಿದ್ದವು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ದಕ್ಷಿಣ ಕನ್ನಡಕ್ಕೆ ಕಾಲಿಟ್ಟ ಮೇಲೆ ಚಿತ್ರ ಕೆಲವೇ ವರ್ಷಗಳಲ್ಲಿ ಬದಲಾಯಿತು. ಮೀನು ದಡಕ್ಕೆ ಬರುವ ಮುನ್ನವೇ ಕಡಲಿನ ನಡುವೆ ಅದನ್ನು ಸುತ್ತುವರಿಯುವ ಬಲೆಯೆದುರು ರಂಪಣಿ ನಿಲ್ಲಲಾರದೆ ಹೋಯಿತು. ಆ ದಶಕದ ಕೊನೆಗೆ ರಂಪಣಿಕಾರರೂ ಪರ್ಸೀನ್‌ನವರೂ ಕಡಲಲ್ಲೂ ದಡದಲ್ಲೂ ಎದುರುಬದುರಾದರು. ಬಲೆಗಳ ನಡುವಿನ ಇಂಥ ಕದನಗಳು ದೇಶದ ಕರಾವಳಿಯುದ್ದಕ್ಕೂ ನಡೆದ ಕಾಲ ಅದು. ರಾಜ್ಯದಲ್ಲಿ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು ಈ ಹಿನ್ನೆಲೆಯಲ್ಲಿ.

ಅಂದಿನಿಂದ ಇಂದಿನವರೆಗೆ ಬೋಟು ಉದ್ದವಾಯಿತು, ಎಂಜಿನ್ ಬಲವಾಯಿತು, ಮೀನಿನ ಹಿಂಡನ್ನು ಪರದೆಯ ಮೇಲೆ ತೋರಿಸುವ ಯಂತ್ರ ಬಂತು, ದಾರಿ ಹೇಳಲು ಜಿಪಿಎಸ್ ಬಂತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ನೆರವಿನಿಂದ ಸಮುದ್ರದ ಬಿಸಿಯನ್ನೂ ಪ್ಲವಕದ ಹಸಿರನ್ನೂ ಅಳೆದು, ಮೀನು ಎಲ್ಲಿರಬಹುದೆಂಬ ಮಾಹಿತಿಯನ್ನು ಮೊಬೈಲಿಗೇ ಕಳುಹಿಸುತ್ತದೆ. ಒಂದೊಂದನ್ನೂ ಪ್ರಗತಿಯೆಂದೇ ಸ್ವಾಗತಿಸಲಾಯಿತು. ಅವು ಮೀನುಗಾರನ ಶ್ರಮವನ್ನೂ ಅಪಾಯವನ್ನೂ ತಗ್ಗಿಸಿದ್ದು ನಿಜ. ಆದರೆ ಎಲ್ಲವೂ ಒಟ್ಟು ಸೇರಿ ಮಾಡಿದ ಕೆಲಸವೊಂದಿದೆ: ಮೀನಿಗೆ ಅಡಗಿಕೊಳ್ಳಲು ಇದ್ದ ಜಾಗಗಳನ್ನು ಒಂದೊಂದಾಗಿ ಅಳಿಸಿಹಾಕಿದವು. ಹತ್ತು ತಿಂಗಳ ಈ ಬೇಟೆಯನ್ನು ಎರಡು ತಿಂಗಳ ರಜೆ ಸರಿದೂಗಿಸಬೇಕೆಂಬುದು ಇಂದಿನ ನೀತಿಯ ನಿರೀಕ್ಷೆ.

ಬೂತಾಯಿ ಕಲಿಸುವ ಪಾಠ

ಕಡಲಿನ ಏರಿಳಿತಕ್ಕೆ ಬೂತಾಯಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಉತ್ತರ ಕನ್ನಡದಲ್ಲಿ ತಾರ್ಲಿಯೆನಿಸಿಕೊಳ್ಳುವ ಈ ಮೀನು ಬಡವರ ಪಾಲಿನ ಪೌಷ್ಟಿಕ ಆಹಾರ. ಅದರ ಆಯುಸ್ಸು ಎರಡು ಮೂರು ವರ್ಷ ಮಾತ್ರ. ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಮಳೆ, ನೀರಿನ ಬಿಸಿ, ಪ್ಲವಕದ ಪ್ರಮಾಣ ಇವುಗಳಲ್ಲಿ ಒಂದು ಸ್ವಲ್ಪ ಏರುಪೇರಾದರೂ ಆ ವರ್ಷದ ಮರಿಗಳ ಸಂಖ್ಯೆ ಕುಸಿಯುತ್ತದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯ ಅಂದಾಜಿನಂತೆ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಪೂರ್ತಿ ತುಂಬದ ಸ್ಥಿತಿ. ಬಳಿಕ ಬೂತಾಯಿ ಮತ್ತೆ ಚೇತರಿಸಿಕೊಂಡಿತು ಎನ್ನುವುದು ಸಮಾಧಾನದ ಸಂಗತಿ.

ಇಂಥ ಕುಸಿತ ಹೊಸದಲ್ಲ. 1940ರ ದಶಕದಲ್ಲೂ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ಬೂತಾಯಿ ಕಾಣೆಯಾಗಿತ್ತು. ಅಂದಿನ ಮದರಾಸು ಸರಕಾರ 1943ರಲ್ಲಿ ಅದನ್ನು ಹಿಡಿಯುವುದಕ್ಕೆ ನಿರ್ಬಂಧ ಹೇರಿತ್ತು. ಆಗ ಟ್ರಾಲ್ ಬೋಟೂ ಇರಲಿಲ್ಲ, ಪರ್ಸೀನೂ ಇರಲಿಲ್ಲ. ಹಾಗಾದರೆ ಬಲೆಯದ್ದೇನು ತಪ್ಪು ಎಂದು ವಾದಿಸುವವರಿದ್ದಾರೆ. ವಾದ ಅರ್ಧ ಸತ್ಯ. ಪ್ರಕೃತಿಯ ಏರಿಳಿತದಿಂದ ಮೀನು ಕಡಿಮೆಯಾಗುವುದು ಒಂದು. ಹಾಗೆ ಕಡಿಮೆಯಾಗಿ ಉಳಿದ ನಾಲ್ಕು ಕಾಸನ್ನೂ ಬಾಚಿಕೊಳ್ಳುವ ಸಾಮರ್ಥ್ಯ ನಮ್ಮ ಕೈಯಲ್ಲಿರುವುದು ಇನ್ನೊಂದು. ಅಂದು ಎರಡನೆಯದು ಇರಲಿಲ್ಲ, ಬೀಜ ಉಳಿದಿತ್ತು. ಬರಗಾಲದಲ್ಲಿ ಬೀಜದ ಭತ್ತವನ್ನೇ ಕುಟ್ಟಿ ಉಂಡರೆ ಮುಂದಿನ ಮಳೆ ಬಂದೂ ಫಲವೇನು?

ಒಟ್ಟು ಅಂಕಿಗಳು ಈ ಸತ್ಯವನ್ನು ಮರೆಮಾಚುತ್ತವೆ. ಅದೇ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಕರ್ನಾಟಕದ ಬಂದರುಗಳಿಗೆ ಬಂದ ಕಡಲ ಮೀನು 6.95 ಲಕ್ಷ ಟನ್; ತಮಿಳುನಾಡಿನ ನಂತರ ದೇಶದಲ್ಲೇ ಎರಡನೆಯ ಸ್ಥಾನ. 2023ರಲ್ಲಿ ಅದು 6.04 ಲಕ್ಷ ಟನ್ನಿಗೆ ಇಳಿಯಿತು. ಕೇವಲ 320 ಕಿಲೋಮೀಟರ್ ಕರಾವಳಿಯ ರಾಜ್ಯಕ್ಕೆ ಇದು ದೊಡ್ಡ ಮೊತ್ತವೇ ಸರಿ. ಆದರೆ ಟನ್ನುಗಳ ಲೆಕ್ಕದಲ್ಲಿ ಅಂಜಲೂ ಒಂದೇ, ಕಾರ್ಗಿಲ್ ಎಂದು ಕರೆಯುವ, ಊಟಕ್ಕೆ ಬಾರದ ಮೀನೂ ಒಂದೇ; ಬೆಳೆದ ಬಂಗುಡೆಯೂ ಒಂದೇ, ಬೆರಳುದ್ದದ ಮರಿಯೂ ಒಂದೇ. ತಟ್ಟೆಗೆ ಬಂದದ್ದೆಷ್ಟು, ಹಿಟ್ಟಿನ ಕಾರ್ಖಾನೆಗೆ ಹೋದದ್ದೆಷ್ಟು ಎಂದು ಕೇಳಿದಾಗಲೇ ಅಂಕಿಗಳು ಬಾಯಿ ಬಿಡುವುದು.

ಮರಿಮೀನಿನ ಮಾರುಕಟ್ಟೆ

ಹಿಂದೆ ಮರಿಮೀನು ಬಲೆಗೆ ಬಿದ್ದರೆ ಅದಕ್ಕೆ ಬೆಲೆಯಿರಲಿಲ್ಲ. ತೆಂಗಿನ ಬುಡಕ್ಕೆ ಗೊಬ್ಬರವಾಗಿಯೋ, ಒಣಗಿಸಿ ಕೋಳಿಗೆ ಆಹಾರವಾಗಿಯೋ ಹೋಗುತ್ತಿತ್ತು. ಈಗ ಕರಾವಳಿಯಲ್ಲಿ ಮೀನಿನ ಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳಿವೆ. ಸಿಗಡಿ ಸಾಕಣೆಗೂ ಕೋಳಿ ಸಾಕಣೆಗೂ ಈ ಹಿಟ್ಟು ಬೇಕು. ಮೀನು ಯಾವುದು, ಗಾತ್ರ ಎಷ್ಟು ಎಂದು ಕಾರ್ಖಾನೆ ಕೇಳುವುದಿಲ್ಲ; ತೂಕ ಕೇಳುತ್ತದೆ. ಒಳ್ಳೆಯ ಮೀನು ಸಿಗದ ದಿನ ಡೀಸೆಲ್ ಖರ್ಚನ್ನಾದರೂ ಹುಟ್ಟಿಸಿಕೊಳ್ಳಲು ತಾಂಡೇಲನಿಗೆ ಇದೊಂದು ದಾರಿ. ಅವನನ್ನು ದೂರುವುದು ಸುಲಭ. ಆದರೆ ದಡದಲ್ಲಿ ಕೊಳ್ಳುವವನಿರುವಾಗ ಕಡಲಲ್ಲಿ ಹಿಡಿಯುವವನು ಬಿಡುತ್ತಾನೆಯೇ?

ನೆರೆಯ ಕೇರಳ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. 2015ರಲ್ಲಿ ಮೊದಲಾಗಿ, ಮುಂದೆ 58 ಜಾತಿಗಳಿಗೆ ವಿಸ್ತರಿಸಿ, ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ಕಾನೂನಿನಿಂದ ನಿಗದಿ ಮಾಡಿತು. ಅದರಂತೆ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿರುವಂತಿಲ್ಲ. ಈ ನಿಯಮ ಜಾರಿಯಾದ ಬಳಿಕ ರಾಣಿಮೀನಿನ ಇಳುವರಿ ಏರಿತೆಂದು ಸಂಶೋಧಕರು ಹೇಳಿದ್ದಾರೆ. ಆದರೆ ಕಡಲಿಗೆ ರಾಜ್ಯಗಳ ಬೇಲಿಯಿಲ್ಲ. ಕೇರಳದಲ್ಲಿ ಇಳಿಸಲಾಗದ ಮರಿಮೀನು ಬೇರೆ ರಾಜ್ಯದ ಬಂದರಿನಲ್ಲಿ ಇಳಿಯುವಂತಿದ್ದರೆ ಕಾನೂನು ಬಂದರು ಬದಲಿಸಿದ್ದಷ್ಟೇ ಆಗುತ್ತದೆ, ಮೀನು ಉಳಿಯುವುದಿಲ್ಲ. ಪಶ್ಚಿಮ ಕರಾವಳಿಯ ಎಲ್ಲ ರಾಜ್ಯಗಳಿಗೂ ಒಂದೇ ಅಳತೆಕೋಲು ಬೇಕೆಂಬ ಮಾತು ಈ ಕಾರಣದಿಂದ ಬಂದದ್ದು.

ಮಳೆಗಾಲದ ರಜೆಯ ಇನ್ನೊಂದು ಮಿತಿಯನ್ನೂ ಇಲ್ಲಿ ಗಮನಿಸಬೇಕು. ಎಲ್ಲ ಮೀನೂ ಮಳೆಗಾಲದಲ್ಲೇ ಮೊಟ್ಟೆಯಿಡುವುದಿಲ್ಲ. ಕಪ್ಪೆಬೊಂಡಾಸಿನ ಉದಾಹರಣೆಯೇ ಸಾಕು. ಮುಂಗಾರು ಕಳೆದ ತಿಂಗಳುಗಳಲ್ಲಿ ತೆಂಗಿನ ಗರಿ, ಹೊಂಬಾಳೆಗಳನ್ನು ಭಾರ ಕಟ್ಟಿ ಕಡಲಿಗಿಳಿಸಿ, ಅವುಗಳ ನೆರಳಿಗೆ ಬರುವ ಕಪ್ಪೆಬೊಂಡಾಸನ್ನು ಹಿಡಿಯುವ ಪದ್ಧತಿ ಕರ್ನಾಟಕದ ಕಡಲಿನಲ್ಲಿ ಬೆಳೆದಿದೆ. ಅವು ಅಲ್ಲಿಗೆ ಬರುವುದು ಮೊಟ್ಟೆ ಅಂಟಿಸಲು. ಬಸುರಿಯನ್ನು ಬಾಣಂತನದ ಮನೆಯ ಬಾಗಿಲಲ್ಲೇ ಹಿಡಿದಂತಾಗುತ್ತದೆ ಇದು. ಜೂನ್, ಜುಲೈಯ ನಿಷೇಧ ಈ ಜೀವಿಯ ಪಾಲಿಗೆ ಇದ್ದೂ ಇಲ್ಲದ ಹಾಗೆ.

ನಿಷೇಧದ ಮೇಲೆ ನಿಷೇಧ

ಕಾಗದದ ಮೇಲೆ ನಿಯಮಗಳಿಗೆ ಕೊರತೆಯಿಲ್ಲ. ಎರಡು ಬೋಟುಗಳು ಜೊತೆಯಾಗಿ ಒಂದೇ ಬಲೆಯನ್ನೆಳೆಯುವ ಬುಲ್ ಟ್ರಾಲ್ ನಿಷಿದ್ಧ. ರಾತ್ರಿ ಕೃತಕ ಬೆಳಕು ಹಾಯಿಸಿ ಮೀನನ್ನು ಒಂದೆಡೆ ಸೇರಿಸಿ ಹಿಡಿಯುವ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ದೇಶದ ಇಡೀ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರು ಬೆಳಕಿನ ಮೀನುಗಾರಿಕೆಯ ವಿರುದ್ಧ ಬೀದಿಗಿಳಿಯುವುದು ನಿಂತಿಲ್ಲ; ಬೆಳಕಿನವರೂ ತಮ್ಮ ಸಾಲದ ಕಂತುಗಳನ್ನು ಮುಂದಿಟ್ಟು ಅವಕಾಶ ಕೇಳುವುದನ್ನು ಬಿಟ್ಟಿಲ್ಲ. ಎರಡೂ ಕಡೆ ಇರುವವರು ಅದೇ ಕಡಲತಡಿಯವರು, ಎಷ್ಟೋ ಕಡೆ ಒಂದೇ ಜಾತಿಯವರು, ಒಂದೇ ಗರಡಿಗೂ ಭಜನಾ ಮಂದಿರಕ್ಕೂ ನಡೆದುಕೊಳ್ಳುವವರು. ಆದ್ದರಿಂದಲೇ ಅಧಿಕಾರಿಗಳಿಗೆ ಕ್ರಮ ಕಷ್ಟ, ರಾಜಕಾರಣಿಗಳಿಗೆ ಮಾತು ಕಷ್ಟ.

ನಿಯಮ ಮೀರಿದವರ ವಿರುದ್ಧ ಸರಕಾರದ ಕೈಯಲ್ಲಿರುವ ಬಲವಾದ ಅಸ್ತ್ರ ಕರರಹಿತ ಡೀಸೆಲ್. ಮಳೆಗಾಲದ ನಿಷೇಧ ಉಲ್ಲಂಘಿಸಿದ ಬೋಟಿಗೆ ಒಂದು ವರ್ಷ ಈ ಸೌಲಭ್ಯ ಇಲ್ಲವೆಂದು ಆದೇಶಗಳು ಹೇಳುತ್ತವೆ. ರಾಜ್ಯದ 2023ರ ಮುಂಗಡಪತ್ರ ಈ ಡೀಸೆಲಿನ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸಿತು. ಅಗತ್ಯವಾದ ನೆರವೇ. ಆದರೆ ಮೀನು ದೂರ ಹೋದಂತೆ ಡೀಸೆಲ್ ಹೆಚ್ಚು ಕೊಡುತ್ತ ಹೋಗುವುದು ಒಂದು ಬಗೆಯ ಓಟದ ಪಂದ್ಯ. ಅದರಲ್ಲಿ ಕೊನೆಗೆ ಮೀನೂ ಸೋಲುತ್ತದೆ, ಬೊಕ್ಕಸವೂ ಸೋಲುತ್ತದೆ. ಅತ್ತ ಸೀಮೆಎಣ್ಣೆಯಿಂದ ಎಂಜಿನ್ ಓಡಿಸುವ ನಾಡದೋಣಿಯವರು ತಮ್ಮ ಪಾಲು ಸಮಯಕ್ಕೆ ಸಿಗುತ್ತಿಲ್ಲವೆಂದು ದೂರುವುದು ಋತುಧರ್ಮವೇ ಆಗಿಬಿಟ್ಟಿದೆ.

ಹನ್ನೆರಡು ಮೈಲಿನ ಆಚೆ

ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಮೀನುಗಾರಿಕೆ ರಾಜ್ಯದ ಅಧೀನ. ಅಲ್ಲಿಂದ 200 ನಾಟಿಕಲ್ ಮೈಲುಗಳ ಆರ್ಥಿಕ ವಲಯ ಕೇಂದ್ರದ್ದು. ಮಲ್ಪೆಯ ಆಳಸಮುದ್ರದ ಬೋಟು ಒಂದೇ ಪ್ರಯಾಣದಲ್ಲಿ ಈ ಎರಡೂ ಕಡೆ ಬಲೆ ಹಾಕುತ್ತದೆ, ಮೂರು ನಾಲ್ಕು ರಾಜ್ಯಗಳ ಎದುರಿನಿಂದ ಹಾದುಹೋಗುತ್ತದೆ. ಪಶ್ಚಿಮ ಕರಾವಳಿಯಲ್ಲಿ 2015ರಿಂದ 61 ದಿನಗಳ ಏಕರೂಪದ ನಿಷೇಧವನ್ನು ಕೇಂದ್ರ ತಂದಿದ್ದರೂ ಕೇರಳ ತನ್ನ ವ್ಯಾಪ್ತಿಯ ನೀರಿನಲ್ಲಿ 52 ದಿನಗಳ ಟ್ರಾಲಿಂಗ್ ನಿಷೇಧವನ್ನಷ್ಟೇ ಪಾಲಿಸುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಇಲ್ಲಿ ಬೋಟು ನಿಂತಿರುವಾಗ ಪೂರ್ವದ ಬಂದರುಗಳ ಮೀನು ಮಂಜುಗಡ್ಡೆಯ ಲಾರಿಗಳಲ್ಲಿ ಮಂಗಳೂರಿಗೆ ಬರುತ್ತದೆ. ಬೆಲೆ ತೆತ್ತು ಕೊಳ್ಳಬಲ್ಲವರ ಮನೆಯಲ್ಲಿ ಮೀನಿಗೆ ರಜೆಯಿಲ್ಲ. ಉಳಿದವರಿಗೆ ಒಣಮೀನು, ಉಪ್ಪಿನಕಾಯಿ.

ಆರ್ಥಿಕ ವಲಯದ ಮೀನುಗಾರಿಕೆಗಾಗಿ ಕೇಂದ್ರ ಸರಕಾರ 2025ರ ನವೆಂಬರಿನಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. 12 ಮೈಲಿನ ಆಚೆ ಹೋಗುವ ಯಾಂತ್ರೀಕೃತ ಬೋಟುಗಳು ಆನ್‌ಲೈನ್ ಮೂಲಕ ಪ್ರವೇಶಪತ್ರ ಪಡೆಯಬೇಕು. ಸಾಂಪ್ರದಾಯಿಕ ಸಣ್ಣ ಮೀನುಗಾರರಿಗೆ ಅದರಿಂದ ವಿನಾಯಿತಿ. ವಿದೇಶಿ ನೌಕೆಗಳಿಗೆ ಪ್ರವೇಶವಿಲ್ಲ. ಸಹಕಾರ ಸಂಘಗಳಿಗೂ ಮೀನುಗಾರರ ಉತ್ಪಾದಕ ಸಂಸ್ಥೆಗಳಿಗೂ ಆದ್ಯತೆ. ಬೆಳಕಿನ ಮೀನುಗಾರಿಕೆ, ಜೋಡಿ ಟ್ರಾಲ್, ಬುಲ್ ಟ್ರಾಲ್‌ಗಳ ಮೇಲಿನ ನಿಷೇಧ ಇಲ್ಲೂ ಮುಂದುವರಿಯುತ್ತದೆ. ಮೀನಿನ ಕನಿಷ್ಠ ಗಾತ್ರ ನಿಗದಿ ಮಾಡುವ ಮಾತೂ ಇದೆ.

ಈ ನಿಯಮಗಳ ಹಿಂದೆ ಒಂದು ಇತಿಹಾಸವಿದೆ. 1991ರ ಆಳಸಮುದ್ರ ನೀತಿ ವಿದೇಶಿ ಸಹಭಾಗಿತ್ವದ ದೊಡ್ಡ ಹಡಗುಗಳಿಗೆ ಬಾಗಿಲು ತೆರೆದಾಗ ದೇಶದ ಮೀನುಗಾರರು ಒಗ್ಗಟ್ಟಾಗಿ ಎದ್ದುನಿಂತಿದ್ದರು. ಮುರಾರಿ ಸಮಿತಿ 1996ರಲ್ಲಿ ಕೊಟ್ಟ ವರದಿ ಆ ಪರವಾನಿಗೆಗಳನ್ನು ರದ್ದುಗೊಳಿಸಲು ಶಿಫಾರಸು ಮಾಡಿತು. ವಿದೇಶಿ ಹಡಗಿಗೆ ಬಾಗಿಲು ಮುಚ್ಚಿರುವುದು ಆ ಹೋರಾಟದ ಫಲ. ಆದರೆ ಈಗಿನ ಪ್ರಶ್ನೆ ಬೇರೆ. ನಿಜವಾದ ಆಳಸಮುದ್ರಕ್ಕೆ, ಕೇದರ ಜಾತಿಯ ದೊಡ್ಡ ಮೀನಿನ ಬೆನ್ನು ಹತ್ತಿ ಹೋಗಲು ಬೇಕಾದ ಬೋಟು, ಗಾಳ, ಶೀತಲಗೃಹ, ತರಬೇತಿ ಇವುಗಳಿಗೆ ಬಂಡವಾಳ ಯಾರದ್ದು? ಸಹಕಾರ ಸಂಘಗಳಿಗೆ ಆದ್ಯತೆಯೆಂದು ಬರೆದರೆ ಸಾಲದು. ಬ್ಯಾಂಕಿನ ಬಾಗಿಲಲ್ಲಿ ಆ ಆದ್ಯತೆ ಕಾಣಿಸಬೇಕು. ಇಲ್ಲವಾದರೆ ಸಂಘದ ಹೆಸರಿನ ಫಲಕದ ಹಿಂದೆ ದೊಡ್ಡ ಬಂಡವಾಳ ಬಂದು ಕೂರಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಆಳಸಮುದ್ರವೆಂದರೆ ತೆಗೆದಷ್ಟೂ ಮುಗಿಯದ ಖಜಾನೆಯೆಂಬ ಭ್ರಮೆ ವ್ಯಾಪಕವಾಗಿದೆ. ದೇಶದ ಕಡಲಿನಿಂದ ವರ್ಷಕ್ಕೆ ತೆಗೆಯಬಹುದಾದ ಮೀನು 53 ಲಕ್ಷ ಟನ್ನಿನಷ್ಟು ಎಂಬ 2018ರ ಅಂದಾಜಿನಲ್ಲೂ ಬಹುಪಾಲು 100 ಮೀಟರ್ ಆಳದೊಳಗಿನ ನೀರಿನದ್ದೇ. ದಡದ ಬಳಿಯ ಬೋಟುಗಳನ್ನೆಲ್ಲ ಆಚೆ ಕಳುಹಿಸಿದರೆ ಸಮಸ್ಯೆ ಮುಗಿಯಿತೆಂದುಕೊಳ್ಳುವುದು ಲೆಕ್ಕ ತಿಳಿಯದವರ ಮಾತು.

ಅಲೆಯ ಮೇಲಿನ ಜೀವ

ದೂರ ಹೋಗುವುದೆಂದರೆ ಅಪಾಯವನ್ನೂ ಜೊತೆಗೆ ಕರೆದೊಯ್ಯುವುದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಸಂಪರ್ಕ ಕಳೆದುಕೊಂಡಿತು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಹುಡುಕಾಟ, ಪ್ರತಿಭಟನೆ, ವದಂತಿಗಳ ನಡುವೆ ತಿಂಗಳುಗಳು ಉರುಳಿದವು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರತಳದಲ್ಲಿ ಬೋಟಿನ ಅವಶೇಷ ಕಂಡಿತು. ಏಳು ಮಂದಿ ಮರಳಲಿಲ್ಲ. ಬೋಟು ಎಲ್ಲಿದೆಯೆಂದು ದಡಕ್ಕೆ ತಿಳಿಸುವ ಸಾಧನವಿದ್ದಿದ್ದರೆ ಹುಡುಕಾಟ ಅಷ್ಟು ದೀರ್ಘವಾಗುತ್ತಿರಲಿಲ್ಲ. ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರುಗಳನ್ನು ಕರಾವಳಿ ರಾಜ್ಯಗಳ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ದೊರೆತಿದೆ. ಅದು ಬೋಟಿನ ಮೇಲೆ ಕಾವಲಿಡುವ ಯಂತ್ರವೆಂಬ ಶಂಕೆ ಮಾಲಕರಲ್ಲಿರುವುದು ಸಹಜ. ಆದರೆ ಕಲಾಸಿಯ ಮನೆಯವರನ್ನು ಕೇಳಿದರೆ ಉತ್ತರ ಬೇರೆಯೇ ಇದ್ದೀತು.

ಋತುಗಳೂ ಮೊದಲಿನಷ್ಟು ನಂಬಿಕಸ್ಥವಾಗಿ ಉಳಿದಿಲ್ಲ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತಗಳು ಹೆಚ್ಚುತ್ತಿವೆ. 2017ರ ಓಖಿ, 2019ರ ಕ್ಯಾರ್ ಮತ್ತು ಮಹಾ ಬಂದದ್ದು ಸುಗ್ಗಿಯ ತಿಂಗಳುಗಳಲ್ಲಿ. 2021ರ ತೌಕ್ತೆ ಮೇ ತಿಂಗಳಿನಲ್ಲಿ. ಪ್ರತಿ ಎಚ್ಚರಿಕೆಗೂ ಬೋಟು ಬಲೆ ಮಡಚಿ ಹತ್ತಿರದ ಬಂದರು ಸೇರಬೇಕು. ನಿಷೇಧದ 61 ದಿನಗಳಿಗೆ ಗಾಳಿಯ ದಿನಗಳನ್ನೂ ಮೀನಿಲ್ಲದ ದಿನಗಳನ್ನೂ ಕೂಡಿಸಿದರೆ ದುಡಿಮೆಯ ದಿನಗಳು ಎಷ್ಟು ಉಳಿದಾವು? ಸಾಲದ್ದಕ್ಕೆ 2025ರ ಮೇ 25ರಂದು ಕೊಚ್ಚಿಯಾಚೆ 640 ಕಂಟೈನರುಗಳ ಸಮೇತ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’, ಜೂನ್ 9ರಂದು ಕಣ್ಣೂರಿನಾಚೆ ಬೆಂಕಿಗೆ ತುತ್ತಾದ ‘ವಾನ್ ಹೈ 503’ ಹಡಗುಗಳ ಪ್ರಕರಣ ಇನ್ನೊಂದು ಪಾಠ ಹೇಳಿತು: ಮೀನು ಮೊಟ್ಟೆಯಿಡುವ ಕಾಲವೆಂದು ಬೋಟುಗಳನ್ನು ಕಟ್ಟಿಹಾಕಿದ ಕಡಲಿನಲ್ಲೇ ಎಣ್ಣೆಯೂ ಪ್ಲಾಸ್ಟಿಕ್ಕೂ ಬಂದು ಬೀಳಬಹುದು. ರಜೆ ಮೀನುಗಾರನಿಗೆ ಮಾತ್ರ, ಮಾಲಿನ್ಯಕ್ಕಲ್ಲ.

ಈ ರಜೆಯ ಬೆಲೆ ತೆರುತ್ತಿರುವವರು ಯಾರು ಎಂಬುದೇ ನಿರ್ಣಾಯಕ ಪ್ರಶ್ನೆ. ಮಾಲಕನಿಗೆ ರಿಪೇರಿಯ ಖರ್ಚು, ಬಡ್ಡಿಯ ಭಾರ. ಮೀನು ಹೊತ್ತು ಮಾರುವ, ಸುಲಿಯುವ, ಒಣಗಿಸುವ ಹೆಂಗಸರಿಗೆ ಕೆಲಸವೇ ಇಲ್ಲ. ಅವರಿಗೆ ಬಡ್ಡಿರಹಿತ ಸಾಲದ ಮಿತಿಯನ್ನು 2023ರ ಮುಂಗಡಪತ್ರ 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸಿದ್ದು ಒಳ್ಳೆಯ ಕ್ರಮ. ಆದರೆ ಕಲಾಸಿಗೆ? ಉಳಿತಾಯ ಪರಿಹಾರ ಯೋಜನೆಯಡಿ ನೋಂದಾಯಿತ ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರಕಾರದ 3,000 ಸೇರಿ 4,500 ರೂಪಾಯಿ ಮರಳಿ ಕೈಸೇರುತ್ತದೆ. 61 ದಿನಗಳಿಗೆ ಹಂಚಿದರೆ ಇಡೀ ಮನೆಗೆ ದಿನಕ್ಕೆ ಸುಮಾರು 74 ರೂಪಾಯಿ. ಅದರಲ್ಲೂ ಮೂರನೆಯ ಒಂದು ಪಾಲು ಅವನದ್ದೇ ದುಡ್ಡು. ದೇಶದ ಮತ್ಸ್ಯಸಂಪತ್ತನ್ನು ಉಳಿಸಲು ಎರಡು ತಿಂಗಳು ದುಡಿಮೆ ಬಿಟ್ಟವನಿಗೆ ದೇಶ ಕೊಡುವ ಗೌರವಧನ ಇದು. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದು ದುಡಿಯುವವರು ಇಲ್ಲಿನ ಪಟ್ಟಿಯಲ್ಲಿ ಇರುವುದೇ ಕಷ್ಟ.

ಬೇಕಾದದ್ದೇನು

ರಜೆಯನ್ನು ಇನ್ನಷ್ಟು ಉದ್ದ ಮಾಡುವುದು ಪರಿಹಾರವಲ್ಲ. ಉಳಿದ ಹತ್ತು ತಿಂಗಳನ್ನು ನಿಭಾಯಿಸುವ ಕ್ರಮ ಬೇಕು. ಕೇರಳದಿಂದ ಗುಜರಾತಿನವರೆಗೆ ಮೀನಿನ ಕನಿಷ್ಠ ಗಾತ್ರ ಒಂದೇ ಇರಬೇಕು, ಮತ್ತು ಅದರ ತಪಾಸಣೆ ಬಂದರಿನಷ್ಟೇ ಬಿಗಿಯಾಗಿ ಹಿಟ್ಟಿನ ಕಾರ್ಖಾನೆಯ ಬಾಗಿಲಲ್ಲೂ ನಡೆಯಬೇಕು. ಕೊಳ್ಳುವವನನ್ನು ಬಿಟ್ಟು ಹಿಡಿಯುವವನನ್ನಷ್ಟೇ ದಂಡಿಸುವ ಕಾನೂನು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಮೊಟ್ಟೆಯಿಡುವ ತಾಣಗಳನ್ನು ಗುರುತಿಸಿ, ಆಯಾ ಜಾತಿಯ ಕಾಲಕ್ಕೆ ತಕ್ಕಂತೆ ಆ ತಾಣಗಳನ್ನಷ್ಟೇ ಮುಚ್ಚುವ ವ್ಯವಸ್ಥೆ ಬರಬೇಕು. ಬೋಟುಗಳ ಸಂಖ್ಯೆಗೂ ಎಂಜಿನ್ನಿನ ಬಲಕ್ಕೂ ಒಂದು ಮಿತಿ ಬೇಕು. ಅದನ್ನು ನಿರ್ಧರಿಸುವಾಗ ನಾಡದೋಣಿಯವನೂ ಟ್ರಾಲ್ ಮಾಲಕನೂ ಕಲಾಸಿಯೂ ಮೀನು ಮಾರುವ ಹೆಂಗಸೂ ಒಂದೇ ಚಾವಡಿಯಲ್ಲಿ ಕೂತಿರಬೇಕು. ನಿಷೇಧದ ಅವಧಿಯ ಪರಿಹಾರ ಕೂಲಿಯ ಲೆಕ್ಕಕ್ಕೆ ಹತ್ತಿರವಾದರೂ ಬರಬೇಕು. ಹೊಟ್ಟೆ ತುಂಬಿದವನು ಮಾತ್ರ ನಾಳಿನ ಮೀನಿನ ಚಿಂತೆ ಮಾಡಬಲ್ಲ.

ಇವು ಯಾವುವೂ ಹೊಸ ಮಾತುಗಳಲ್ಲ. ಸಂಶೋಧಕರು ವರದಿಗಳಲ್ಲಿ, ಹಿರಿಯ ಮೀನುಗಾರರು ಕಡಲ ದಂಡೆಯ ಮಾತುಕತೆಯಲ್ಲಿ ಹೇಳುತ್ತಲೇ ಬಂದಿದ್ದಾರೆ. ಆಡಳಿತ ಅವನ್ನು ಕೇಳಿಸಿಕೊಳ್ಳುವುದು ಮೀನಿಲ್ಲದ ವರ್ಷಗಳಲ್ಲಿ ಮಾತ್ರ. ಬೂತಾಯಿ ಮರಳಿದೆ, ಬುಟ್ಟಿ ತುಂಬುತ್ತಿದೆ ಎನ್ನುವಾಗಲೇ ಈ ಕೆಲಸಕ್ಕೆ ಕೈಹಾಕುವುದು ವಿವೇಕ. ಸಮುದ್ರಪೂಜೆಯ ದಿನ ಕಡಲಿಗೆ ಹಾಲೆರೆದು ಬೇಡಿಕೊಳ್ಳುವುದು ‘ತಾಯೇ, ಕಾಪಾಡು’ ಎಂದು. ತಾಯಿ ಕಾಪಾಡಿಯಾಳು; ಆದರೆ ಅವಳನ್ನು ಕಾಪಾಡುವ ಸರದಿ ಈಗ ಮಕ್ಕಳದ್ದೂ ಆಗಿದೆ.